ತಲೆಕೆಳಗಾಗಿ ಕಂಡ ಪೆದ್ದಕೊಂಡ

ಮುಳಬಾಗಿಲು ಬಸ್ ಸ್ಟ್ಯಾಂಡಿನ ಎದುರು ಸಂಜೆಯಾದರೆ ಗೋಬಿ ಮಂಚೂರಿ ಗಾಡಿಗಳು ಬಂದು ನಿಲ್ಲುತ್ತವೆ. ಹೋದ ತಿಂಗಳು ಮೊಮ್ಮಗಳು ಹಟ ಹಿಡಿದಳೆಂದು ಅಲ್ಲಿ ನಿಂತಿದ್ದೆ. ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಚುರ್ರೆಂದು ಎದ್ದ ಹುಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮೊಮ್ಮಗಳು ಮುಖ ನೋಡಿ, "ಯಾಕಜ್ಜಿ, ಖಾರ ಏರ್ತಾ?" ಎಂದಳು. ಹೂಂ ಎಂದೆ. ಇಷ್ಟು ವಯಸ್ಸಾದ ಮೇಲೆ ಒಂದು ವಾಸನೆಗೆ ಹೆದರಿದೆ ಅಂತ ಆ ಮಗುವಿಗೆ ಹೇಗೆ ಹೇಳುವುದು?

ಅದು ನಮ್ಮ ಡಾರ್ಕ್ ರೂಮಿನ ವಾಸನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮುಳಬಾಗಿಲಿನಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆಯಲ್ಲಿ ಮೂರು ತಟ್ಟೆಗಳು. ಮೊದಲನೆಯದರಲ್ಲಿ ಚಿತ್ರ ಮೂಡಿಸುವ ನೀರು, ಎರಡನೆಯದರಲ್ಲಿ ಅದನ್ನು ತಡೆಯುವ ಹುಳಿನೀರು, ಮೂರನೆಯದರಲ್ಲಿ ಅದು ಅಳಿಯದಂತೆ ಮಾಡುವ ಹೈಪೋ. ನಾನು ಮಾಸ್ತಿಯ ಕಡೆಯವಳು. ರಾಗಿ ಹೊಲ, ಸೊಪ್ಪಿನ ಮಡಿ, ಹಸು ಇವಿಷ್ಟೇ ಗೊತ್ತಿದ್ದವಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ಕತ್ತಲೆ ಕೋಣೆಗೆ ಹೋಗಲೂ ಅಂಜುತ್ತಿದ್ದೆ. ನಾನು ಹುಟ್ಟಾ ಪುಕ್ಕಲಿ. ಬಾವಿ ಬಗ್ಗಿ ನೋಡಿದವಳಲ್ಲ, ಅಟ್ಟ ಹತ್ತಿದವಳಲ್ಲ. ನಮ್ಮವರು ಅದನ್ನೇ ಆಡಿಕೊಂಡು ನಗುತ್ತಿದ್ದರು.

ನಾನು ಹೇಳಹೊರಟಿರುವುದು ಮದುವೆಯಾದ ಎರಡನೆಯ ವರ್ಷದ ಅವರೆಕಾಯಿ ಕಾಲದ ಮಾತು. ಮಾಗಿಯ ಚಳಿ. ಬೆಳಗ್ಗೆ ಬಾಗಿಲು ತೆಗೆದರೆ ಎದುರು ಮನೆ ಕಾಣದಷ್ಟು ಮಂಜು. ಕಣಗಳಲ್ಲಿ ರಾಗಿ ಬಡಿಯುವ ಸದ್ದು, ಬೀದಿಯ ತುಂಬ ಸೊಗಡು ಅವರೆಯ ವಾಸನೆ. ಊರಿಗೆ ಊರೇ ಸಂಭ್ರಮದಲ್ಲಿತ್ತು. ನಮ್ಮ ಮನೆಯಲ್ಲಿ ಮಾತ್ರ ನಾನು, ನಮ್ಮವರು, ಅತ್ತೆ, ಮೂರೂ ಜನ ಏನನ್ನೋ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೆವು.

ನಮ್ಮವರು ಮೊದಲೆಲ್ಲ ಆ ಕೋಣೆಯಲ್ಲಿ ಒಂದು ಹನಿ ನೀರೂ ಚೆಲ್ಲದೆ ಕೆಲಸ ಮಾಡುತ್ತಿದ್ದರಂತೆ. ಆ ವರ್ಷ ದಿನಕ್ಕೊಂದು ತಟ್ಟೆ ಉರುಳುತ್ತಿತ್ತು. ಹುಳಿನೀರು ನೆಲದ ಮೇಲೆಲ್ಲ ಹರಿದು ಅಡುಗೆಮನೆಯವರೆಗೂ ವಾಸನೆ ಬರುತ್ತಿತ್ತು. ನಾನು ಬಟ್ಟೆ ತಗೊಂಡು ಓಡುತ್ತಿದ್ದೆ. ಅವರು, "ಈ ಮೇಜೇ ಸರಿಯಿಲ್ಲ ಕಣೇ, ಒಂದು ಕಾಲು ಗಿಡ್ಡ" ಎನ್ನುತ್ತಿದ್ದರು. ಮೇಜು ಸರಿಯಾಗೇ ಇತ್ತು. ಗಿರಾಕಿಗಳು ಕೂರುವ ಬೆಂಚಿಗೆ ಮೊಣಕಾಲು ಬಡಿದುಕೊಂಡು ಬೆಂಚನ್ನು ಬೈಯುತ್ತಿದ್ದರು. ಬೀದಿಯಲ್ಲಿ ಪಕ್ಕದಿಂದ ಬಂದು ನಮಸ್ಕಾರ ಹೇಳಿದವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಫೋಟೋ ರಾಮಚಂದ್ರನಿಗೆ ಜಂಬ ಬಂದಿದೆ ಅಂತ ಜನ ಮಾತಾಡಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಂಗಡಿ ಮುಚ್ಚಿಬಿಡುತ್ತಿದ್ದರು. ಆಮೇಲೆ ಯಾರು ಬಂದು ಕರೆದರೂ ಹೊರಗೆ ಕಾಲಿಡುತ್ತಿರಲಿಲ್ಲ.

ನಮ್ಮತ್ತೆ ದಿನಾ ಹೊನಗೊನ್ನೆ ಸೊಪ್ಪು ಮಾಡುತ್ತಿದ್ದರು. ಊರೆಲ್ಲ ಅವರೆಕಾಳು ಹುಳಿ ಉಣ್ಣುತ್ತಿದ್ದರೆ ನಮ್ಮ ಮನೆಯಲ್ಲಿ ಹೊನಗೊನ್ನೆ ಪಲ್ಯ, ಹೊನಗೊನ್ನೆ ಬಸ್ಸಾರು. ಕೆರೆ ಅಂಗಳದಿಂದ ತಾವೇ ಕಿತ್ತು ತರುತ್ತಿದ್ದರು. "ಯಾಕತ್ತೆ ದಿನಾ ಇದೇ?" ಎಂದು ಒಮ್ಮೆ ಕೇಳಿದೆ. "ತಿನ್ನಮ್ಮಾ, ಒಳ್ಳೇದು" ಎಂದರು. ಯಾವುದಕ್ಕೆ ಒಳ್ಳೆಯದು ಅಂತ ಕೇಳಲಿಲ್ಲ. ಆ ಸೊಪ್ಪು ಕಣ್ಣಿಗೆ ಒಳ್ಳೆಯದು ಎಂಬುದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ನಮ್ಮ ಮಾವನವರು ಕೊನೆಯ ವರ್ಷಗಳಲ್ಲಿ ಗೋಡೆ ಹಿಡಿದುಕೊಂಡೇ ಓಡಾಡುತ್ತಿದ್ದರು ಎಂಬುದನ್ನು ಪಕ್ಕದ ಮನೆಯವರು ಬಾಯಿತಪ್ಪಿ ಹೇಳಿದ್ದರು. 

ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು, ಅವರಿಗಂತೂ ಗೊತ್ತೇ ಇತ್ತು. ಯಾರೂ ಬಾಯಿಬಿಡಲಿಲ್ಲ. ನಾನು ಕೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂದು ನನಗೆ ಭಯ. ಕಣ್ಣು ಕಾಣದ ಫೋಟೋಗ್ರಾಫರ್ ಹತ್ತಿರ ಯಾರು ಬರುತ್ತಾರೆ? ಈ ಮನುಷ್ಯನಿಗೆ ಆ ಕ್ಯಾಮೆರಾ ಬಿಟ್ಟರೆ ಬೇರೆ ಏನು ಗೊತ್ತು? ಮಾತಿನ ನಡುವೆ ಅವರು ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡರೆ ನಾನು ಬೇರೆ ಕಡೆ ನೋಡುತ್ತಿದ್ದೆ.

ಆ ದಿನಗಳಲ್ಲೇ ಅವರು ನನಗೆ ಕ್ಯಾಮೆರಾ ಕಲಿಸತೊಡಗಿದರು. "ಹೆಂಗಸರು ಬಂದಾಗ ನೀನೇ ತೆಗಿ, ಅವರಿಗೂ ಸಂಕೋಚ ಇರಲ್ಲ" ಎಂಬುದು ನೆಪ. ನಮ್ಮದು ಹಳೆಯ ಕಾಲದ ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡಿನದು. ಕರಿಬಟ್ಟೆ ತಲೆಯ ಮೇಲೆ ಹಾಕಿಕೊಂಡು ಹಿಂದಿನ ಮಬ್ಬು ಗಾಜಿನಲ್ಲಿ ನೋಡಬೇಕು. ಆ ಗಾಜಿನಲ್ಲಿ ಮನುಷ್ಯರು ತಲೆಕೆಳಗಾಗಿ ಕಾಣುತ್ತಾರೆ, ಮಸುಕು ಬೆಳಕಿನಲ್ಲಿ. ಎಡಬಲವೂ ಅದಲುಬದಲು. ಗಲಿಬಿಲಿಯಾಗಿ ನಾನು ಹೊರಬಂದರೆ ಅವರು ನಕ್ಕರು.

"ಯೋಚನೆ ಮಾಡ್ಬೇಡ. ಗಾಜಲ್ಲಿ ಎಡಕ್ಕೆ ಸರೀಬೇಕು ಅನ್ನಿಸಿದ್ರೆ ಎಡಕ್ಕೆ ಅನ್ನು, ಬಲಕ್ಕೆ ಅನ್ನಿಸಿದ್ರೆ ಬಲಕ್ಕೆ ಅನ್ನು. ಎದುರಿಗೆ ಕೂತೋರು ನಮ್ ಕಡೆ ಮುಖ ಮಾಡಿರ್ತಾರಲ್ಲ, ಅವರ ಎಡ ಗಾಜಲ್ಲೂ ಎಡಕ್ಕೇ ಬರತ್ತೆ."

"ಬೆನ್ನು ಮಾಡಿ ಕೂತ್ರೆ?"

"ಬೆನ್ನು ತೋರಿಸಿ ಫೋಟೋ ಹಿಡಿಸ್ಕೊಳ್ಳೋನು ಯಾವನೇ?" ಎಂದು ಮತ್ತೆ ನಕ್ಕರು. ನಾನೂ ನಕ್ಕೆ. ಕಲಿತೆ ಕೂಡ. ಸಂಕ್ರಾಂತಿ ಹತ್ತಿರ ಬರುವಷ್ಟರಲ್ಲಿ ಗಾಜು ನೋಡುವುದೆಲ್ಲ ನನ್ನ ಪಾಲಿಗೆ ಬಂದಿತ್ತು. ಅವರು ಪಕ್ಕದಲ್ಲಿ ನಿಂತು ಮಾತಾಡುತ್ತ, ನಗಿಸುತ್ತ, ಲೆನ್ಸಿನ ಮುಚ್ಚಳ ತೆಗೆದು ಮುಚ್ಚುತ್ತಿದ್ದರು. ನೋಡಿದವರಿಗೆ ಗಂಡ ಹೆಂಡತಿಗೆ ವಿದ್ಯೆ ಹೇಳಿಕೊಡುತ್ತಿದ್ದಾನೆ ಅನ್ನಿಸಬೇಕು, ಹಾಗೆ.

ಅಷ್ಟರಲ್ಲಿ ಚೆಂಗಲರಾಯಪ್ಪ ಬಂದರು. ನಂಗಲಿಯಲ್ಲಿ ಲಾರಿ ಇಟ್ಟುಕೊಂಡಿದ್ದವರು. ದೊಡ್ಡ ಹೊಟ್ಟೆ, ದೊಡ್ಡ ಗಂಟಲು. ಅರ್ಧ ಕನ್ನಡ, ಅರ್ಧ ತೆಲುಗು.

"ಏಮಯ್ಯಾ ರಾಮಚಂದ್ರ, ಉಗಾದಿಗೆ ಕ್ಯಾಲೆಂಡರ್ ಮಾಡಿಸ್ಬೇಕು ನಾನು. ದೇವರ ಪಟ ಎಲ್ರೂ ಹಾಕಿಸ್ತಾರೆ. ನಂಗೆ ನಮ್ಮ ಪೆದ್ದಕೊಂಡನೇ ಬೇಕು. ನಮ್ಮ ನಾಯನ ಎದ್ದ ತಕ್ಷಣ ಆ ಕೊಂಡಕ್ಕೇ ಕೈ ಮುಗೀತಿದ್ರು. ಸೂರ್ಯ ಹುಟ್ಟಿದ ಕೂಡಲೇ ಬಿಸಿಲು ಮೊದಲು ನೆತ್ತಿ ಮೇಲೆ ಬೀಳತ್ತಲ್ಲಾ, ಆವಾಗ ತೆಗೀಬೇಕು. ಎದುರುಬಂಡೆ ಹತ್ತಿ ತೆಗೀಬೇಕು, ಕೆಳಗಿಂದ ಬೇಡ."

ನಾಯನ ಎಂದರೆ ಅವರ ತಂದೆ. ಪೆದ್ದಕೊಂಡ ಎಂದರೆ ದೊಡ್ಡ ಬೆಟ್ಟ. ನಂಗಲಿಯ ಆಚೆ ಗಡಿಯ ಹತ್ತಿರ ಎದ್ದಿರುವ ಆ ಕಲ್ಲುಬೆಟ್ಟಕ್ಕೆ ಹಳ್ಳಿಯವರು ಇಟ್ಟುಕೊಂಡ ಹೆಸರು ಅಷ್ಟೇ. ಹಿಮಾಲಯ ನೋಡಿ ಬಂದವರು ನಗಬಹುದು. ನಮಗೆ ಅದಕ್ಕಿಂತ ದೊಡ್ಡದು ಗೊತ್ತಿರಲಿಲ್ಲ. ಮೇಲೆ ಒಂದೇ ಒಂದು ಬೋಳು ಶಿಖರ, ಅದರ ಮೈಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಅದಕ್ಕೆ ಎದುರಾಗಿ, ನಡುವೆ ಆಳವಾದ ಕೊರಕಲು ಬಿಟ್ಟು ನಿಂತದ್ದು ಎದುರುಬಂಡೆ.

ನಮ್ಮವರು ಒಲ್ಲೆ ಎನ್ನುತ್ತಾರೆಂದುಕೊಂಡೆ. ಅವರು ಒಪ್ಪಿಬಿಟ್ಟರು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ, ಅದಕ್ಕೇ ಒಪ್ಪಿದರು ಎಂದು ನನಗೆ ಆಗಲೇ ಹೊಳೆಯಿತು. ಚೆಂಗಲರಾಯಪ್ಪ ಹೋದ ಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ. ಗಾಜು ನೋಡೋಕೆ ಒಬ್ರು ಬೇಕು" ಎಂದರು.

"ನಂಗೆ ಎತ್ತರ ಆಗಲ್ಲ ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತು ಕಣೇ. ಆದ್ರೂ ಬಾ."

ಅಷ್ಟು ಮೆಲ್ಲಗೆ ಅವರು ಯಾವತ್ತೂ ಮಾತಾಡಿದ್ದಿಲ್ಲ. ಒಳಗೆ ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ನಾನು ಹೂಂ ಎಂದೆ.

ಹಿಂದಿನ ದಿನವೇ ಚೆಂಗಲರಾಯಪ್ಪನವರ ಮನೆಗೆ ಹೋಗಿ, ಕೋಳಿ ಕೂಗುವ ಹೊತ್ತಿಗೆ ಬೆಟ್ಟದ ದಾರಿ ಹಿಡಿದೆವು. ಮುಂದೆ ಲಾಟೀನು ಹಿಡಿದು ಚೆಂಗಲರಾಯಪ್ಪ, ಹಿಂದೆ ಕ್ಯಾಮೆರಾ ಚೀಲ ಹೊತ್ತ ನಾನು, ನನ್ನ ಹಿಂದೆ ಸ್ಟ್ಯಾಂಡು ಹೆಗಲಿಗೇರಿಸಿಕೊಂಡ ನಮ್ಮವರು. ಅವರ ಒಂದು ಕೈ ನನ್ನ ಭುಜದ ಮೇಲಿತ್ತು. ಸೀಗೆಮುಳ್ಳು ಸೀರೆ ಹಿಡಿದು ಎಳೆಯುತ್ತಿತ್ತು. ಕಾಲ ಕೆಳಗೆ ಸಣ್ಣ ಕಲ್ಲುಗಳು ಜಾರುತ್ತಿದ್ದವು. ಈ ಕಡೆ ಕರಡಿ ಇವೆ ಎಂದು ಚೆಂಗಲರಾಯಪ್ಪ ಬೇರೆ ಹೇಳಿದರು, ಅದೂ ನಗುತ್ತಾ. ನನಗೆ ಕರಡಿಯ ಭಯ, ಜಾರುವ ಭಯ. ಇವೆರಡಕ್ಕಿಂತ ಹೆಚ್ಚಾಗಿ ನನ್ನ ಭುಜದ ಮೇಲಿದ್ದ ಆ ಕೈಯ ಭಯ. ಅದು ಧೈರ್ಯ ಹೇಳುವ ಕೈಯಾಗಿರಲಿಲ್ಲ. ನಾನು ಹೆಜ್ಜೆ ಇಟ್ಟಾಗ ಬಿಗಿಯುತ್ತಿತ್ತು, ನಿಂತಾಗ ಸಡಿಲವಾಗುತ್ತಿತ್ತು.

ಅರ್ಧ ದಾರಿಯಲ್ಲಿ ಚೆಂಗಲರಾಯಪ್ಪ ಒಂದು ಕಲ್ಲುಗುಂಡಿನ ಮೇಲೆ ಕೂತುಬಿಟ್ಟರು. "ಅಬ್ಬಾ ದೇವುಡಾ, ಇನ್ನು ನನ್ ಕೈಲಾಗಲ್ಲಮ್ಮಾ. ಲಾಟೀನು ತಗೊಂಡು ನೀವು ಹೋಗ್ಬನ್ನಿ, ನಾನ್ ಇಲ್ಲೇ ಕೂತಿರ್ತೀನಿ" ಎಂದರು. ಉಳಿದದ್ದನ್ನು ನಾವಿಬ್ಬರೇ ಹತ್ತಿದೆವು. ಕೊನೆಯ ಕಡಿದಾದ ಕಡೆ ನಾನು ಅಳುತ್ತಲೇ ಹತ್ತಿದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಅವರು ಸಮಾಧಾನ ಮಾಡಲಿಲ್ಲ. ಅವರ ಉಸಿರೂ ನನ್ನಷ್ಟೇ ನಡುಗುತ್ತಿತ್ತು.

ಮೇಲೆ ಹೋದಾಗ ಕತ್ತಲೆ ತಿಳಿಯಾಗುತ್ತಿತ್ತು. ಪಶ್ಚಿಮಕ್ಕೆ ಪೆದ್ದಕೊಂಡದ ಶಿಖರ ಬರೀ ಕಪ್ಪಗೆ ನಿಂತಿತ್ತು. ನಡುವಿನ ಕೊರಕಲು ಮಂಜಿನಿಂದ ತುಂಬಿತ್ತು. ಕ್ಯಾಮೆರಾ ಹೂಡಿದ ಜಾಗದಿಂದ ಬಲಗಡೆಗೆ ಬಂಡೆ ಅಗಲವಾಗಿ, ಚಪ್ಪಟೆಯಾಗಿ ಹರಡಿತ್ತು. ಎಡಗಡೆಗೆ ನಾಲ್ಕು ಹೆಜ್ಜೆ ಆಚೆ ಅದು ಇದ್ದಕ್ಕಿದ್ದ ಹಾಗೆ ಮುಗಿದುಹೋಗಿತ್ತು. ನನ್ನ ಕಾಲು ತಾಗಿ ಒಂದು ಕಲ್ಲು ಆ ಕಡೆ ಉರುಳಿತು. ಬಿದ್ದ ಸದ್ದಿಗಾಗಿ ಕಿವಿಗೊಟ್ಟೆ, ಅದು ಬರಲು ಎಷ್ಟೋ ಹೊತ್ತಾಯಿತು. ನಾನು ಬೇಗ ಬೇಗ ಕರಿಬಟ್ಟೆಯೊಳಗೆ ತಲೆ ತೂರಿಸಿದೆ.

ಒಳಗೆ ಗಾಳಿಯಿರಲಿಲ್ಲ, ಪ್ರಪಾತವಿರಲಿಲ್ಲ. ಗಾಜಿನಲ್ಲಿ ಪೆದ್ದಕೊಂಡ ತಲೆಕೆಳಗಾಗಿ ತೂಗಾಡುತ್ತಿತ್ತು. ಮಂಜು ಮೇಲೆ, ಆಕಾಶ ಕೆಳಗೆ. ಬೆಟ್ಟ ಹತ್ತುವಾಗಿನಿಂದ ಹೊಡೆದುಕೊಳ್ಳುತ್ತಿದ್ದ ಎದೆ ಅಲ್ಲಿ ಸ್ವಲ್ಪ ಸುಮ್ಮನಾಯಿತು. ಆದರೆ ಫೋಕಸಿನ ತಿರುಪು ಎಷ್ಟು ತಿರುಗಿಸಿದರೂ ಚಿತ್ರ ಮಸುಕು. "ಲೆನ್ಸಿಗೆ ಮಂಜು ಹಿಡಿದಿದೆ ಅನ್ಸತ್ತೆ ರೀ" ಎಂದೆ. ಅವರು ಸ್ಟ್ಯಾಂಡಿನ ಕಾಲು ಸವರಿಕೊಂಡು ಮುಂದೆ ಬಂದು ಕರ್ಚೀಫಿನಿಂದ ಲೆನ್ಸ್ ಒರೆಸಿದರು. ಚಿತ್ರ ತಿಳಿಯಾಯಿತು. ಒರೆಸಿದವರು ಅಲ್ಲೇ ಬೆಟ್ಟದ ಕಡೆ ತಿರುಗಿ ನಿಂತರು. ಗಾಜಿನ ನಟ್ಟನಡುವೆ, ಶಿಖರಕ್ಕೆ ಅಡ್ಡವಾಗಿ ಅವರ ಬೆನ್ನು.

"ಸ್ವಲ್ಪ ಸರೀರಿ, ನೀವೇ ಅಡ್ಡ ಇದೀರಿ."

"ಯಾವ ಕಡೆಗೆ?"

ಗಾಜಿನ ಎಡಗಡೆ ಅಗಲವಾದ ಬಂಡೆ ಕಾಣುತ್ತಿತ್ತು. "ಎಡಕ್ಕೆ" ಎಂದೆ.

ಅವರು ಸರಿದರು. ಗಾಜಿನಲ್ಲಿ ಅವರು ಬಲಕ್ಕೆ ಹೋದರು. ನನಗೆ ರೇಗಿತು. ಬಿಸಿಲು ಇನ್ನೇನು ಬೀಳುವುದರಲ್ಲಿತ್ತು. "ಎಡಕ್ಕೆ ಅಂದ್ರೆ ಎಡಕ್ಕೆ ರೀ!" ಎಂದು ಕೂಗಿದೆ. ಅವರು ಇನ್ನೆರಡು ಹೆಜ್ಜೆ ಇಟ್ಟರು. ಆಮೇಲೆ ನಿಂತರು. 

"ಸರೋಜಾ" ಎಂದರು. ದನಿ ಎಷ್ಟು ಸಣ್ಣಗಿತ್ತೆಂದರೆ ಬಟ್ಟೆಯೊಳಗೆ ನನಗೆ ಕಷ್ಟಪಟ್ಟು ಕೇಳಿಸಿತು. "ಗಾಜು ನೋಡ್ಕೊಂಡು ಹೇಳ್ತಿದೀಯಾ, ನನ್ನ ನೋಡ್ಕೊಂಡು ಹೇಳ್ತಿದೀಯಾ?"

ಕರಿಬಟ್ಟೆ ಕಿತ್ತೆಸೆದೆ. ಬಂಡೆ ಮುಗಿಯುವ ಅಂಚಿನಲ್ಲಿ ಅವರು ನಿಂತಿದ್ದರು. ಬಲಗಾಲು ಬಂಡೆಯ ಮೇಲೆ, ಎಡಗಾಲು ಗಾಳಿಯಲ್ಲಿ. ಆ ಕಾಲಿನ ಬೆರಳುಗಳು ನೆಲ ಹುಡುಕುತ್ತಿದ್ದವು. ಬೆನ್ನು ಮಾಡಿ ನಿಂತವರಿಗೆ ನಾನು ಎದುರು ಕೂತವರಿಗೆ ಹೇಳುವಂತೆ ಹೇಳಿದ್ದೆ. ಕಣ್ಣು ಕಾಣುವವರಾಗಿದ್ದರೆ ಅಂಚು ನೋಡಿ, ನಿನಗೇನು ತಲೆ ಕೆಟ್ಟಿದೆಯಾ ಎಂದು ನನ್ನನ್ನು ಬೈಯುತ್ತಿದ್ದರು. ಇವರು ಕಾಣದೆ ನನ್ನನ್ನೇ ಕೇಳಿದರು. ಒಂದು ವರ್ಷದಿಂದ ಮನೆಯಲ್ಲಿ ಯಾರೂ ಆಡದ ಮಾತನ್ನು ಆಡಿಬಿಟ್ಟಿದ್ದರು.

"ಅಲ್ಲಾಡ್ಬೇಡಿ" ಎಂದೆ.  ಅಂಬೆಗಾಲಿಟ್ಟುಕೊಂಡು ಹೋದೆ. ಅಂಚಿನ ಆಚೆ ಮಂಜು ಸ್ವಲ್ಪ ಸರಿದು, ಬಹಳ ಕೆಳಗೆ ಮರಗಳ ತಲೆ ಕಾಣಿಸಿತು. ಆ ಕ್ಷಣ ಕಣ್ಣು ಮುಚ್ಚಿಕೊಳ್ಳಬೇಕೆನ್ನಿಸಿತು, ಮುಚ್ಚಿಕೊಳ್ಳಲಿಲ್ಲ. ಅವರ ಪ್ಯಾಂಟಿನ ಬಟ್ಟೆ ಸಿಕ್ಕಿತು, ಆಮೇಲೆ ಕೈ ಸಿಕ್ಕಿತು. ಇದ್ದಬದ್ದ ಬಲವೆಲ್ಲ ಹಾಕಿ ಹಿಂದಕ್ಕೆ ಎಳೆದೆ. ಇಬ್ಬರೂ ಬಂಡೆಯ ಮೇಲೆ ದೊಪ್ಪನೆ ಕೂತೆವು.

 ಕೊನೆಗೆ ನಾನೇ ಕೇಳಿದೆ. "ಎಷ್ಟು ಕಾಣತ್ತೆ?"

"ನೇರ ಎದುರಿಗಿರೋದು ಕಾಣತ್ತೆ. ಕೊಳವೆ ಒಳಗಿಂದ ನೋಡ್ದಂಗೆ. ಪಕ್ಕದ್ದು, ಕಾಲ ಕೆಳಗಿಂದು ಕಾಣಲ್ಲ. ಬೆಳಕು ಕಮ್ಮಿ ಆದ್ರೆ ಯಾವುದೂ ಇಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಅಪ್ಪಂಗೂ ಹಿಂಗೇ ಶುರುವಾಗಿದ್ದು. ಹೇಳಿದ್ರೆ ನೀನು ಊರಿಗೆ ಹೊರಟ್ಹೋಗ್ತೀಯ ಅಂತ ಭಯ ಆಯ್ತು."

ನನಗೆ ಎಲ್ಲಿತ್ತೋ ಸಿಟ್ಟು. ಅವರ ಭುಜಕ್ಕೆ ಗುದ್ದಿದೆ. ಇನ್ನೊಮ್ಮೆ ಗುದ್ದಿದೆ. "ಬೆಟ್ಟದ ತುದಿ ತನಕ ಹತ್ತಿಸ್ಕೊಂಡು ಬಂದು ಈಗ ಈ ಮಾತಾಡ್ತೀರಾ? ಮಾಸ್ತಿಗೆ ಹೋಗೋಳಾಗಿದ್ರೆ ಕೆಳಗಿಂದ್ಲೇ ಬಸ್ ಹಿಡೀತಿರ್ಲಿಲ್ವಾ?" ಎಂದು ಅತ್ತುಬಿಟ್ಟೆ. ಅವರೂ ಅತ್ತರು. ಗಂಡಸು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ಅದುವರೆಗೆ ನೋಡಿರಲಿಲ್ಲ. ಅದೂ ನನಗೆ ಹೆದರಿಕೆಯನ್ನೇ ತಂದಿತು.

ಸ್ವಲ್ಪ ಹೊತ್ತಿಗೆ ಅವರು ತಲೆ ಎತ್ತಿದರು. "ಬೆನ್ನಿಗೆ ಬಿಸಿಲು ತಾಗ್ತಿದೆ. ನೆತ್ತಿ ಮೇಲೆ ಬಿತ್ತಾ?"

"ಬಿತ್ತು."

"ಯಾವ ಬಣ್ಣ?"

"ಬೆಲ್ಲದ ಪಾಕದ್ದು."

"ಇನ್ನೂ ತಡಿ. ಅರಿಶಿನದ ಬಣ್ಣಕ್ಕೆ ಬಂದಾಗ ತೆಗಿ. ಆವಾಗ ಕಲ್ಲಿನ ಗೆರೆ ಎಲ್ಲಾ ಏಳತ್ತೆ."

ಅವರನ್ನು ಬಂಡೆಯ ನಡುವೆ ಚೀಲದ ಪಕ್ಕ ಕೂರಿಸಿ, ಏಳಕೂಡದು ಎಂದು ಆಣೆ ಹಾಕಿಸಿಕೊಂಡು ಹೋದೆ. ಬಟ್ಟೆಯೊಳಗೆ ಹೋಗಿ ನೋಡಿದೆ, ಚಿತ್ರ ಹಿಡಿಯುವ ಪ್ಲೇಟು ಹಾಕಿದೆ, ಅವರು ಹೇಳಿದಾಗ ಮುಚ್ಚಳ ತೆಗೆದೆ, ಹೇಳಿದಾಗ ಮುಚ್ಚಿದೆ.   ಆ ಚಿತ್ರ ಮುಂದೆ ಹೆದ್ದಾರಿಯ ಹೋಟೆಲುಗಳಲ್ಲೆಲ್ಲ ನೇತಾಡಿತು. ಕೆಳಗೆ ನಮ್ಮ ಸ್ಟುಡಿಯೋ ಹೆಸರಿತ್ತು. ರಾಮಚಂದ್ರನ ಕಣ್ಣೇ ಕಣ್ಣು ಎಂದು ಜನ ಹೊಗಳಿದರು.  ಬೆಂಗಳೂರಿನ ಆಸ್ಪತ್ರೆಗೂ ಹೋಗಿ ಬಂದೆವು. ಇದಕ್ಕೆ ಔಷಧವಿಲ್ಲ ಎಂದರು. ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಅವರಿಗೆ ಪೂರಾ ಕತ್ತಲೆಯಾಗಿತ್ತು. ಅಲ್ಲಿಯವರೆಗೂ, ಆಮೇಲೂ ಸ್ಟುಡಿಯೋ ನಡೆಯಿತು. ಅವರು ಬೆಳಕಿನ ಮಾತಾಡುವರು, ನಾನು ತೆಗೆಯುವೆ. ಆದರೆ ಇದೆಲ್ಲ ನಂತರದ್ದು. ಆ ಬೆಳಗ್ಗೆ ನಮಗೆ ಬೆಟ್ಟ ಇಳಿದರೆ ಸಾಕಾಗಿತ್ತು.

ಇಳಿಯುವಾಗ ನಾನು ಅವರ ಕೈ ಹಿಡಿದುಕೊಂಡೇ ಇಳಿದೆ. ಕಲ್ಲು ಬಂದರೆ ಕಲ್ಲು ಎನ್ನುತ್ತಿದ್ದೆ, ಮುಳ್ಳು ಬಂದರೆ ಮುಳ್ಳು. ಚೆಂಗಲರಾಯಪ್ಪ ಕೂತಿದ್ದ ಜಾಗ ಹತ್ತಿರವಾಗುತ್ತಲೇ ಅವರು ಕೈ ಬಿಡಿಸಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಆ ಕಾಲದಲ್ಲಿ ಗಂಡ ಹೆಂಡತಿ ಹಾಗೆ ಕೈ ಹಿಡಿದುಕೊಂಡು ಯಾರೆದುರಿಗೂ ಬರುತ್ತಿರಲಿಲ್ಲ. ಚೆಂಗಲರಾಯಪ್ಪ ಹೊಟ್ಟೆ ಕುಣಿಸಿಕೊಂಡು ನಕ್ಕರು.

"ಏನಯ್ಯಾ ರಾಮಚಂದ್ರ, ಫೋಟೋ ತೆಗೆಯೋಕೆ ಹೋಗಿದ್ರೋ, ಇನ್ನೊಂದ್ಸಲ ಮದುವೆ ಆಗೋಕೆ ಹೋಗಿದ್ರೋ?"

ಅವರ ಮುಖ ಕೆಂಪಾಯಿತು. ನಾನೇ ನಡುವೆ ಬಾಯಿ ಹಾಕಿ, "ನಂಗೆ ಎತ್ತರ ಅಂದ್ರೆ ಭಯ ಅಣ್ಣಾ. ಕೈ ಬಿಟ್ರೆ ಬಿದ್ಹೋಗ್ತೀನಿ" ಎಂದೆ. ಚೆಂಗಲರಾಯಪ್ಪ, ಪಾಪ, ನಂಬಿದರು. ದಾರಿಯುದ್ದಕ್ಕೂ ನನ್ನನ್ನೇ ಗೇಲಿ ಮಾಡಿದರು.

ಬೆಟ್ಟ ಮುಗಿದು ರಾಗಿ ಹೊಲದ ಬದು ಬಂತು. ಬದು ಮುಗಿದು ನಂಗಲಿಯ ಹೆದ್ದಾರಿ ಬಂತು. ಲಾರಿಗಳು ಸಾಲಾಗಿ ನಿಂತಿದ್ದವು. ಟೀ ಅಂಗಡಿಯಲ್ಲಿ ಕೂತ ಡ್ರೈವರುಗಳೆಲ್ಲ ನಮ್ಮ ಕೈಗಳನ್ನೇ ನೋಡುತ್ತಿದ್ದರು. ಒಬ್ಬ ಸಿಳ್ಳೆ ಹಾಕಿದ. ನನ್ನ ಕಿವಿಯೆಲ್ಲ ಉರಿಯುತ್ತಿತ್ತು.

"ಬೆಟ್ಟ ಇಳಿದಾಯ್ತಲ್ಲಮ್ಮಾ, ಇನ್ನೂ ಏನು ಭಯ?" ಎಂದರು ಚೆಂಗಲರಾಯಪ್ಪ.

"ಇನ್ನೂ ಹೋಗಿಲ್ಲಣ್ಣಾ" ಎಂದೆ. ಸುಳ್ಳಲ್ಲ, ನಿಜವಾಗಿಯೂ ಹೋಗಿರಲಿಲ್ಲ.

ಮುಳಬಾಗಿಲಿಗೆ ಹೋಗುವ ಬಸ್ಸು ಬಂದು ಧೂಳೆಬ್ಬಿಸಿ ನಿಂತಿತು. ಜನ ನುಗ್ಗಿದರು. ಅವರು ಬಾಗಿಲ ಮುಂದೆ ತಡವರಿಸಿದರು. ನಾನು ಹಿಂದೆ ನಿಂತು, ಅವರೊಬ್ಬರಿಗೇ ಕೇಳಿಸುವ ಹಾಗೆ, "ಕಂಬಿ ನಿಮ್ಮ ಬಲಗೈ ಕಡೆ ಇದೆ. ನಿಮ್ಮ ಬಲಗೈ" ಎಂದೆ.

ಅವರು ಬಲಗೈ ಚಾಚಿ ಕಂಬಿ ಹಿಡಿದು ಹತ್ತಿದರು.